ಅರಮನೆಯ ಅಕ್ಷರ ಕಲಿತು ಮದರಾಸು ಓದಿ: ಮೈಸೂರು ಸೀಮೆಯವರಿಗೆ ಎರಡು ದಿನದ ಮಾರ್ಗದರ್ಶಿ

ನಮ್ಮ ಕಡೆಯವರು ಚೆನ್ನೈಗೆ ಹೋಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ಆಸ್ಪತ್ರೆ, ಮದುವೆಯ ಸೀರೆ, ಅಮೆರಿಕದ ವೀಸಾ. ಕೆಲಸ ಮುಗಿದ ಕೂಡಲೇ ಸೆಕೆಯನ್ನು ಬೈಯುತ್ತಾ ರೈಲು ಹತ್ತುತ್ತಾರೆ. ನಾನೂ ಹಾಗೆಯೇ ನಾಲ್ಕು ಸಲ ಹೋಗಿ ಬಂದಿದ್ದೆ. ಐದನೆಯ ಸಲ ರೈಲು ತಡವಾಗಿ, ಸೆಂಟ್ರಲ್ ನಿಲ್ದಾಣದ ಎದುರು ಎರಡು ಗಂಟೆ ಕಾಲ ಕಳೆಯಬೇಕಾಗಿ ಬಂದಾಗಲೇ ತಲೆಯೆತ್ತಿ ನೋಡಿದ್ದು. ಕೆಂಪು ಇಟ್ಟಿಗೆಯ ಗೋಡೆ, ಗಡಿಯಾರದ ಗೋಪುರ, ಸಾಲು ಕಮಾನು. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತು. ನೋಡಿದ್ದು ಮನೆಯ ಹತ್ತಿರವೇ.

ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳನ್ನು ನೋಡಬೇಕೆಂದರೆ ಮುಂಬಯಿಗೆ ಹೋಗಬೇಕು ಎನ್ನುವವರಿದ್ದಾರೆ. ಮುಂಬಯಿ ದೊಡ್ಡದು, ಒಪ್ಪುತ್ತೇನೆ. ಆದರೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದವರಿಗೆ ಮದರಾಸಿನಲ್ಲಿ ಸಿಗುವುದು ಅಲ್ಲಿ ಸಿಗುವುದಿಲ್ಲ. ನಮ್ಮ ಅರಮನೆಯ ವಿನ್ಯಾಸಕ ಅದಕ್ಕೂ ಮೊದಲು ಮಾಡಿದ ಕೆಲಸ ಅಲ್ಲಿದೆ. ನಮ್ಮ ಸೋಲಿನ ನೆನಪಿಗೆ ಗೆದ್ದವರು ಕಟ್ಟಿಕೊಂಡ ಸಭಾಂಗಣವೂ ಅಲ್ಲಿದೆ. ಈ ಎರಡನ್ನೂ ನೋಡಿ ಬರಲು ಎರಡು ಹಗಲು ಸಾಕು.

ಹೊರಡುವ ಮುನ್ನ: ಅಂಬಾವಿಲಾಸ ಅರಮನೆಗೆ ಒಂದು ಸುತ್ತು

ಮೊದಲ ಹೆಜ್ಜೆ ರೈಲಿನಲ್ಲಲ್ಲ, ಮೈಸೂರಿನಲ್ಲೇ. ಒಂದು ಬೆಳಿಗ್ಗೆ, ಜನ ಸೇರುವ ಮೊದಲು, ಅರಮನೆಗೆ ಹೋಗಿ. ಊರಿನವರಾದ ನಾವು ದಸರಾ ದೀಪಾಲಂಕಾರ ನೋಡಲು ಹೋಗುತ್ತೇವೆಯೇ ಹೊರತು ಕಟ್ಟಡ ನೋಡಲು ಹೋಗುವುದಿಲ್ಲ. ನೆಂಟರು ಬಂದಾಗ ಕರೆದುಕೊಂಡು ಹೋಗಿ, ಅವರ ಚಪ್ಪಲಿ ಕಾಯುತ್ತೇವೆ.

1897ರಲ್ಲಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಆಗ ಮಗನ ಪರವಾಗಿ ಆಡಳಿತ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. ಕೆಲಸ 1912ರಲ್ಲಿ ಮುಗಿಯಿತು. ಇರ್ವಿನ್ ಅದಕ್ಕೂ ಮೊದಲು ಶಿಮ್ಲಾದಲ್ಲಿ ವೈಸರಾಯ್ ನಿವಾಸ ಕಟ್ಟಿದ್ದವನು, ಅನಂತರ ಮದರಾಸು ಸರ್ಕಾರದ ವಾಸ್ತುಶಿಲ್ಪಿಯಾಗಿದ್ದವನು. ಇಲ್ಲೊಂದು ಗೊಂದಲ ನಿವಾರಿಸಿಬಿಡುತ್ತೇನೆ. ಮಂಡ್ಯದ ಹಿರಿಯರು ವಿಶ್ವೇಶ್ವರಯ್ಯ ನಾಲೆಯನ್ನು ಈಗಲೂ ಇರ್ವಿನ್ ನಾಲೆ ಎನ್ನುತ್ತಾರೆ. ಆ ಇರ್ವಿನ್ ವೈಸರಾಯ್, ಬೇರೆಯವನು. ನಮ್ಮ ಇರ್ವಿನ್ ನೀರಿನವನಲ್ಲ, ಇಟ್ಟಿಗೆಯವನು.

ಅರಮನೆಯಲ್ಲಿ ನಾಲ್ಕು ಸಂಗತಿಗಳನ್ನು ಗಮನವಿಟ್ಟು ನೋಡಿ. ಒಂದು, ಕಮಾನು: ಒಂದರ ಪಕ್ಕ ಒಂದು ಹೇಗೆ ಸಾಲಾಗಿ ನಿಂತಿದೆ, ತುದಿ ಚೂಪೋ ದುಂಡೋ, ಅಂಚಿನಲ್ಲಿ ಎಷ್ಟು ಎಸಳು. ಎರಡು, ಗುಮ್ಮಟ: ಅದು ಗೋಡೆಯ ಮೇಲೆ ನೇರವಾಗಿ ಕುಳಿತಿದೆಯೋ, ಕುತ್ತಿಗೆ ಎತ್ತಿಕೊಂಡಿದೆಯೋ. ಮೂರು, ಕಲ್ಯಾಣ ಮಂಟಪದ ಕಂಬಗಳು: ಅವು ಕಲ್ಲಲ್ಲ, ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣ. ನಾಲ್ಕು, ತಲೆಯ ಮೇಲಿನ ನವಿಲುಗಳ ಬಣ್ಣದ ಗಾಜು. ಹಿಂದೂ, ಮುಸ್ಲಿಂ ಕಟ್ಟಡಗಳ ಅಂಗಾಂಗಗಳನ್ನು ಬ್ರಿಟನ್ನಿನ ಕಬ್ಬಿಣ, ಗಾಜು, ಗಡಿಯಾರಗಳ ಜೊತೆ ಬೆರೆಸಿದ ಈ ಶೈಲಿಗೆ ಇಂಡೋ-ಸಾರಾಸೆನಿಕ್ ಎಂದು ಹೆಸರು. ಇಷ್ಟು ಅಕ್ಷರಾಭ್ಯಾಸವಾದರೆ ಮದರಾಸನ್ನು ಓದಬಹುದು. ಇಲ್ಲದಿದ್ದರೆ ಎಲ್ಲವೂ ಕೆಂಪು ಕಟ್ಟಡ ಅಷ್ಟೇ.

ಸಮಯ ಸಾಲದವರು ಸಂತ ಫಿಲೋಮಿನಾ ಚರ್ಚ್‌ನ ಮುಂದಾದರೂ ಐದು ನಿಮಿಷ ನಿಂತು ಹೋಗಿ. ಅದರ ಕೆಲಸ ಎರಡನೆಯ ದಿನ ಬರುತ್ತದೆ.

ಯಾವ ತಿಂಗಳು, ಯಾವ ವಾರ

ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ. ಉಳಿದ ಕಾಲದಲ್ಲಿ ಹೋಗಬೇಡಿ ಎಂದು ಹೇಳುವುದಿಲ್ಲ, ಆದರೆ ಹೋದವರು ನನ್ನನ್ನು ಬೈಯಬಾರದು. ಏಪ್ರಿಲ್‌ನಿಂದ ಜೂನ್‌ವರೆಗಿನ ಚೆನ್ನೈ ಬಿಸಿಲು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬೆಳೆದವರಿಗೆ ಹೇಳಿಸಿದ್ದಲ್ಲ. ಬಿಸಿಲಿಗಿಂತ ಹೆಚ್ಚಾಗಿ ಬೆವರು ಆರದ ತೇವ ಕಾಡುತ್ತದೆ. ನಮ್ಮಲ್ಲಿ ಮಳೆ ಸುರಿಯುವ ಜೂನ್, ಜುಲೈನಲ್ಲಿ ಅಲ್ಲಿ ಹೆಚ್ಚು ಮಳೆಯಿಲ್ಲ. ಅವರ ಮುಖ್ಯ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಪತ್ರಿಕೆಯಲ್ಲಿ ಓದಿದರೆ ಟಿಕೆಟ್ ರದ್ದು ಮಾಡಿಸಿ. ನೀರು ನಿಂತ ಬೀದಿಯಲ್ಲಿ ವಾಸ್ತುಶಿಲ್ಪ ಕಾಣುವುದಿಲ್ಲ.

ಡಿಸೆಂಬರ್ ಮಧ್ಯದಿಂದ ಮಾರ್ಗಳಿ ಮಾಸದ ಸಂಗೀತೋತ್ಸವ ನಡೆಯುತ್ತದೆ. ಕಛೇರಿ ಕೇಳುವ ಅಭ್ಯಾಸವಿದ್ದರೆ ಒಂದು ಸಂಜೆ ಅದಕ್ಕೆ ಕೊಡಿ. ಅಭ್ಯಾಸವಿಲ್ಲದವರೂ ಕಛೇರಿ ನಡೆಸುವ ಸಂಗೀತ ಸಭೆಗಳ ಕ್ಯಾಂಟೀನಿಗೆ ಹೋಗುತ್ತಾರೆ. ಅದು ತಪ್ಪಲ್ಲ, ಅಲ್ಲಿಯವರೇ ಹಾಗೆ ಮಾಡುತ್ತಾರೆ.

ವಾರದಲ್ಲಿ ಶುಕ್ರವಾರವನ್ನು ಬಿಟ್ಟುಬಿಡಿ. ಎಗ್ಮೋರಿನ ಸರ್ಕಾರಿ ಮ್ಯೂಸಿಯಂ, ಕೋಟೆಯ ಮ್ಯೂಸಿಯಂ ಎರಡಕ್ಕೂ ಅಂದೇ ರಜೆ. ನಾನು ಮೊದಲ ಸಲ ನೋಡಲೆಂದೇ ಹೋದದ್ದು ಮೇ ತಿಂಗಳ ಒಂದು ಶುಕ್ರವಾರ. ಮುಚ್ಚಿದ ಗೇಟಿನ ನೆರಳಿನಲ್ಲಿ ಕುಳಿತು ಎಳನೀರು ಕುಡಿದದ್ದೇ ಅಂದಿನ ಸಾಧನೆ. ಶನಿವಾರ ಬೆಳಿಗ್ಗೆ ಇಳಿದು ಭಾನುವಾರ ರಾತ್ರಿ ಹತ್ತುವುದು ನೌಕರಿಯವರಿಗೆ ಸರಿಹೋಗುತ್ತದೆ. ಭಾನುವಾರ ಹೈಕೋರ್ಟ್ ಸುತ್ತಿನ ಜಾರ್ಜ್ ಟೌನಿನ ಅಂಗಡಿಗಳು ಮುಚ್ಚಿ ಬೀದಿ ತೆರವಾಗಿರುವುದರಿಂದ, ಬರೀ ಕಟ್ಟಡ ನೋಡುವವರು ಕೆಳಗೆ ಹೇಳುವ ಎರಡು ದಿನಗಳನ್ನು ಅದಲು ಬದಲು ಮಾಡಿಕೊಂಡರೂ ಚೆನ್ನ.

ರೈಲು ಮತ್ತು ವಸತಿ

ಮೈಸೂರಿನಿಂದ ಚೆನ್ನೈಗೆ ಸುಮಾರು 500 ಕಿಲೋಮೀಟರ್. ವಂದೇ ಭಾರತ್ ಸುಮಾರು ಆರೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ಶತಾಬ್ದಿಯೂ ಇದೆ. ಆದರೂ ನನ್ನ ಆಯ್ಕೆ ಕಾವೇರಿ ಎಕ್ಸ್‌ಪ್ರೆಸ್. ರಾತ್ರಿ ಮೈಸೂರಿನಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಸೆಂಟ್ರಲ್. ಮಂಡ್ಯದಲ್ಲೂ ನಿಲ್ಲುತ್ತದೆ. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ. ತಂಪಿರುವಾಗಲೇ ಊರಿಗೆ ಕಾಲಿಡಬಹುದು. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಪೊಂಗಲ್, ಅಂದರೆ ನಮ್ಮ ಸಂಕ್ರಾಂತಿ, ಆಸುಪಾಸಿನಲ್ಲಿ ಹೋಗುವವರು ಆ ದಿನವೇ ಕುಳಿತು ಮಾಡಿಸಿ. ವೇಳಾಪಟ್ಟಿ ಬದಲಾಗುತ್ತಲೇ ಇರುವುದರಿಂದ ಹೊರಡುವ ಹೊತ್ತನ್ನು ಟಿಕೆಟ್ ಮಾಡಿಸುವಾಗ ನೋಡಿಕೊಳ್ಳಿ.

ಉಳಿಯುವುದಕ್ಕೆ ಎಗ್ಮೋರ್ ಒಳ್ಳೆಯದು. ತಮಿಳಿನಲ್ಲಿ ಎಳುಂಬೂರ್ ಎಂದು ಬರೆದಿರುತ್ತದೆ, ಗಾಬರಿಯಾಗಬೇಡಿ. ಸೆಂಟ್ರಲ್‌ನಿಂದ ಹತ್ತಿರ, ಮ್ಯೂಸಿಯಂ ನಡೆದು ಹೋಗುವಷ್ಟು ದೂರ, ಮೆಟ್ರೋ ಇದೆ, ಎಲ್ಲ ಬಗೆಯ ಲಾಡ್ಜ್‌ಗಳೂ ಇವೆ. ನಿಲ್ದಾಣದ ಬಾಗಿಲಲ್ಲೇ ಹಿಡಿದುಕೊಂಡು ಕೋಣೆ ತೋರಿಸುತ್ತೇನೆ ಎನ್ನುವವರ ಹಿಂದೆ ಹೋಗಬೇಡಿ. ಒಮ್ಮೆ ಹೋಗಿ, ಕಿಟಕಿಯಿಲ್ಲದ ಕೋಣೆಗೆ ಕಿಟಕಿಯಿರುವ ಕೋಣೆಯ ಬಾಡಿಗೆ ಕೊಟ್ಟು ಬಂದಿದ್ದೇನೆ. ಕೋಣೆ ನೋಡಿ, ನಲ್ಲಿ ತಿರುಗಿಸಿ, ಆಮೇಲೆ ದುಡ್ಡು ಎಣಿಸಿ.

ಆಧಾರ್ ಕಾರ್ಡ್ ಮರೆಯಬೇಡಿ. ಲಾಡ್ಜ್‌ಗೂ ಬೇಕು, ಕೋಟೆಯ ಬಾಗಿಲಲ್ಲೂ ಕೇಳಬಹುದು. ಹತ್ತಿ ಬಟ್ಟೆ, ಟೋಪಿ ಅಥವಾ ಕೊಡೆ, ನೀರಿನ ಬಾಟಲಿ. ದುರ್ಬೀನು ಇದ್ದರೆ ತನ್ನಿ. ಈ ಕಟ್ಟಡಗಳ ಒಳ್ಳೆಯ ಕೆಲಸವೆಲ್ಲ ಐವತ್ತು ಅಡಿಯ ಮೇಲಿದೆ.

ಭಾಷೆಯ ಬಗ್ಗೆ ಚಿಂತೆ ಬೇಡ. ನಿಧಾನವಾಗಿ ಕನ್ನಡದಲ್ಲೇ ಮಾತಾಡಿದರೂ ಅರ್ಧ ಕೆಲಸ ಆಗುತ್ತದೆ. ಎಷ್ಟು ಎನ್ನುವುದಕ್ಕೆ ‘ಎವ್ವಳವು’, ಎಲ್ಲಿ ಎನ್ನುವುದಕ್ಕೆ ‘ಎಂಗೆ’, ನೀರಿಗೆ ‘ತಣ್ಣಿ’. ಊಟದಲ್ಲಿ ಎಲೆಯ ಮುಂದೆ ಕುಳಿತಾಗ ‘ಪೋದುಂ’, ಸಾಕು. ಈ ಕೊನೆಯದು ಗೊತ್ತಿಲ್ಲದೆ ನನ್ನ ಭಾವಮೈದುನ ಮೂರು ಸಲ ಅನ್ನ ಹಾಕಿಸಿಕೊಂಡಿದ್ದ.

ಮೊದಲ ದಿನ ಬೆಳಿಗ್ಗೆ: ಸೆಂಟ್ರಲ್ ಎದುರಿನ ಮೂವರು

ರೈಲಿನಿಂದ ಇಳಿದು ನಿಲ್ದಾಣದ ಹೊರಗೆ ಬಂದ ಕೂಡಲೇ ಆಟೋ ಹುಡುಕಬೇಡಿ. ಸಾಮಾನನ್ನು ಕ್ಲೋಕ್ ರೂಮಿನಲ್ಲಿ ಇಟ್ಟು, ರಸ್ತೆಗೆ ಬಂದು ಹಿಂತಿರುಗಿ ನಿಂತು ನೋಡಿ. ಸೆಂಟ್ರಲ್ ನಿಲ್ದಾಣ 1873ರದು. ಜಾರ್ಜ್ ಹಾರ್ಡಿಂಗ್ ಮಾಡಿದ ವಿನ್ಯಾಸಕ್ಕೆ ರಾಬರ್ಟ್ ಚಿಸಮ್ ಕೈ ಸೇರಿಸಿದ. ಚಿಸಮ್ ಹೆಸರನ್ನು ನೆನಪಿಟ್ಟುಕೊಳ್ಳಿ. ಇರ್ವಿನ್‌ಗಿಂತ ಮೊದಲೇ ಮದರಾಸಿನ ಮುಖ ತಿದ್ದಿದವನು ಇವನು.

ಪಕ್ಕದಲ್ಲೇ ಕೆಂಪು ಬಣ್ಣದ ವಿಕ್ಟೋರಿಯಾ ಪಬ್ಲಿಕ್ ಹಾಲ್, ಅದೂ ಚಿಸಮ್‌ನದೇ. ರಾಣಿಯ ಆಳ್ವಿಕೆಗೆ 1887ರಲ್ಲಿ ಐವತ್ತು ತುಂಬಿದ ನೆನಪಿನ ಹೆಸರು. ಗೋಪುರದ ತುದಿಯ ಟೋಪಿಯನ್ನು ನೋಡಿ. ಕೇರಳದ ಮನೆಗಳ ಇಳಿಜಾರು ಛಾವಣಿಯನ್ನು ತಂದು ಇಟ್ಟಹಾಗಿದೆ. ಅದರ ಆಚೆ ಹಾಲಿನ ಬಿಳುಪಿನ ರಿಪನ್ ಕಟ್ಟಡ, ನಗರಪಾಲಿಕೆಯ ಕಚೇರಿ, 1913ರದು. ಅಷ್ಟು ಹೊತ್ತಿಗೆ ವಿಕ್ಟೋರಿಯಾ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಕಟ್ಟಡದ ರುಚಿಯೂ ಬದಲಾಗಿತ್ತು. ಕಮಾನಿನ ಗೊಡವೆ ಕಡಿಮೆ, ಕಂಬಗಳ ದರ್ಬಾರು ಹೆಚ್ಚು. ನಮ್ಮ ಲಲಿತಮಹಲ್ ನೋಡಿದವರಿಗೆ ಇದು ಹೊಸದೆನ್ನಿಸುವುದಿಲ್ಲ. ಮೂರಕ್ಕೂ ಸೇರಿ ಮುಕ್ಕಾಲು ಗಂಟೆ ಸಾಕು. ರಿಪನ್ ಕಟ್ಟಡವನ್ನು ರಾತ್ರಿಯ ದೀಪದಲ್ಲಿ ಇನ್ನೊಮ್ಮೆ ನೋಡಬಹುದು.

ಹೈಕೋರ್ಟ್: ಇಲ್ಲಿ ನಿಧಾನಿಸಿ

ಸೆಂಟ್ರಲ್‌ನಲ್ಲಿ ಮೆಟ್ರೋ ಹಿಡಿದು ಹೈಕೋರ್ಟ್ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಬಂದರೆ ಮದರಾಸು ಹೈಕೋರ್ಟ್. ಈ ಪ್ರಯಾಣದಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಾಧ್ಯವೆಂದರೆ ಇದನ್ನೇ ನೋಡಿ ಎನ್ನುತ್ತೇನೆ.

ಮೊದಲ ನಕ್ಷೆ ಬ್ರಾಸಿಂಗ್‌ಟನ್‌ನದು. ಅದನ್ನು ಬೆಳೆಸಿ, ತಿದ್ದಿ, ಜೆ.ಎಚ್. ಸ್ಟೀಫನ್ಸ್ ಜೊತೆಗೂಡಿ ಮುಗಿಸಿದವನು ನಮ್ಮ ಇರ್ವಿನ್. ಕಟ್ಟಿಸಿದ ಗುತ್ತಿಗೆದಾರ ನಂಪೆರುಮಾಳ್ ಚೆಟ್ಟಿ. ಆ ಕಾಲದ ಮದರಾಸಿನ ಕೆಂಪು ಇಟ್ಟಿಗೆಯಲ್ಲಿ ಬಹಳಷ್ಟು ಅವನ ಕೈ ದಾಟಿ ಬಂದದ್ದು. 1892ರಲ್ಲಿ ನ್ಯಾಯಾಲಯ ಇಲ್ಲಿ ಶುರುವಾಯಿತು. ಅಂದರೆ ಮೈಸೂರಿನ ಹಳೆಯ ಅರಮನೆ ಸುಟ್ಟುಹೋಗುವುದಕ್ಕೆ ಐದು ವರ್ಷ ಮೊದಲೇ ಇರ್ವಿನ್ ಇಲ್ಲಿ ಗುಮ್ಮಟಗಳ ಗುಂಪನ್ನು ಒಂದರ ಹಿಂದೆ ಒಂದು ಕೂರಿಸಿ, ನಡುವೆ ಒಂದನ್ನು ಎತ್ತರಕ್ಕೆ ಎಬ್ಬಿಸುವ ಆಟವನ್ನು ಆಡಿ ಮುಗಿಸಿದ್ದ. ಅಂಬಾವಿಲಾಸದ ಮಧ್ಯದ ಗೋಪುರ 145 ಅಡಿ. ಇಲ್ಲಿಯ ಅತಿ ಎತ್ತರದ ಮಿನಾರು 175 ಅಡಿ. ಅರಮನೆಯಲ್ಲಿ ಬೂದು ಕಲ್ಲು, ಇಲ್ಲಿ ಕೆಂಪು ಇಟ್ಟಿಗೆ. ಅರಮನೆ ಒಂದು ಮೈದಾನವನ್ನು ಮುಂದಿಟ್ಟುಕೊಂಡು ಕುಳಿತಿದೆ, ಹೈಕೋರ್ಟ್‌ಗೆ ಮುಂದೆ ಅಂಥ ಬಯಲಿಲ್ಲ. ಬಂದರಿನ ಗದ್ದಲದೊಳಗೆ ಭುಜ ತೂರಿಸಿ ನಿಂತಿದೆ. ನನ್ನ ಅಭಿಪ್ರಾಯ ಕೇಳಿದರೆ, ಕಟ್ಟಡವಾಗಿ ಹೈಕೋರ್ಟ್ ಒಂದು ಕೈ ಮೇಲು. ಊರಿನಲ್ಲಿ ಇದನ್ನು ಹೇಳಿ ಒಂದೆರಡು ಸ್ನೇಹ ಕಳೆದುಕೊಂಡಿದ್ದೇನೆ.

ಆ ಎತ್ತರಕ್ಕೊಂದು ಕೆಲಸವೂ ಇತ್ತು. 1894ರಿಂದ 1977ರವರೆಗೆ ಈ ನ್ಯಾಯಾಲಯದ ನೆತ್ತಿಯ ಮೇಲೇ ಮದರಾಸಿನ ದೀಪಸ್ತಂಭ ಉರಿಯುತ್ತಿತ್ತು. ಕೆಳಗೆ ತೀರ್ಪು, ಮೇಲೆ ಹಡಗುಗಳಿಗೆ ಬೆಳಕು. ಅದೇ ಆವರಣದಲ್ಲಿ ಒಂಟಿ ಕಂಬದಂತೆ ನಿಂತಿರುವುದು ಅದಕ್ಕೂ ಹಿಂದಿನ, 1844ರ ದೀಪಸ್ತಂಭ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಎಂಬ ಯುದ್ಧನೌಕೆ ಕಡಲಿನಿಂದ ಗುಂಡು ಹಾರಿಸಿ ಬಂದರಿನ ಬಳಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿತು. ಒಂದು ಗುಂಡು ಹೈಕೋರ್ಟ್ ಆವರಣದ ಗೋಡೆಗೂ ಬಡಿಯಿತು. ಅದರ ಫಲಕ ಅಲ್ಲಿದೆ. ತಮಿಳಿನಲ್ಲಿ ಇಂದಿಗೂ ಘಾಟಿ ಮನುಷ್ಯನನ್ನು ‘ಎಮ್ಡನ್’ ಎನ್ನುವುದು ಆ ಹಡಗಿನಿಂದಲೇ.

ಕೆಲಸದ ದಿನಗಳಲ್ಲಿ ಒಳಗೆ ಬಿಡುವುದು ಕಷ್ಟ, ಭದ್ರತೆ ಬಿಗಿ. ಗೇಟಿನಲ್ಲಿ ವಿನಯವಾಗಿ ಕೇಳಿ. ಬೇಡವೆಂದರೆ ವಾದ ಮಾಡಬೇಡಿ, ವಾದ ಮಾಡಲೆಂದೇ ಒಳಗೆ ಸಾವಿರ ಜನರಿದ್ದಾರೆ. ಹೊರಗಿನಿಂದಲೇ, ಎನ್‌ಎಸ್‌ಸಿ ಬೋಸ್ ರಸ್ತೆಯ ಕಡೆಯಿಂದ, ಗುಮ್ಮಟಗಳೆಲ್ಲ ಒಟ್ಟಿಗೆ ಕಾಣುತ್ತವೆ. ಪಕ್ಕದ ಹಳೆಯ ಲಾ ಕಾಲೇಜು ಕಟ್ಟಡವೂ ಇರ್ವಿನ್‌ನದೇ, 1899ರದು.

ಅಲ್ಲಿಂದ ಕಡಲ ಕಡೆಗೆ, ರಾಜಾಜಿ ರಸ್ತೆಗೆ ನಡೆಯಿರಿ. ಚಿಸಮ್‌ನ ಜನರಲ್ ಪೋಸ್ಟ್ ಆಫೀಸ್ (1884), ಬ್ಯಾಂಕ್ ಆಫ್ ಮದ್ರಾಸ್‌ಗೆಂದು 1897ರಲ್ಲಿ ಕಟ್ಟಿದ, ಈಗ ಸ್ಟೇಟ್ ಬ್ಯಾಂಕ್ ಇರುವ ಕಟ್ಟಡ. ಬ್ಯಾಂಕಿನ ಒಳಗಿನ ಹಜಾರ ನೋಡುವಂಥದ್ದು. ಪೋಸ್ಟ್ ಆಫೀಸಿನಲ್ಲಿ ಒಂದು ಕಾರ್ಡು ಕೊಂಡು ಮನೆಗೆ ಬರೆದು ಹಾಕಿ, ನಿಮಗಿಂತ ತಡವಾಗಿ ತಲುಪಿದರೂ ಬೇಸರವಿಲ್ಲ. ಮಧ್ಯಾಹ್ನದ ಊಟ ಇಲ್ಲೇ ಯಾವುದಾದರೂ ಮೆಸ್ಸಿನಲ್ಲಿ. ಸಾಂಬಾರಿನಲ್ಲಿ ಬೆಲ್ಲ ಹುಡುಕಬೇಡಿ.

ಮಧ್ಯಾಹ್ನ: ಕೋಟೆಯಲ್ಲಿ ನಮ್ಮವರು

ಸೇಂಟ್ ಜಾರ್ಜ್ ಕೋಟೆ ಹತ್ತಿರದಲ್ಲೇ. ಈಸ್ಟ್ ಇಂಡಿಯಾ ಕಂಪನಿಗೆ ಈ ಮರಳಿನ ಪಟ್ಟಿ ದಕ್ಕಿದ್ದು 1639ರಲ್ಲಿ. ಈಗ ಇಲ್ಲೇ ತಮಿಳುನಾಡಿನ ವಿಧಾನಸಭೆ, ಸಚಿವಾಲಯ. ತಪಾಸಣೆ ದಾಟಿ ಒಳಗೆ ಹೋದರೆ ಸೇಂಟ್ ಮೇರಿ ಚರ್ಚ್, 1680ರದು. ರಾಬರ್ಟ್ ಕ್ಲೈವ್ 1753ರಲ್ಲಿ ಮದುವೆಯಾದದ್ದು ಇಲ್ಲಿ. ಚಾವಣಿ ಗುಂಡು ಬಿದ್ದರೂ ಕುಸಿಯದಂತೆ ದಪ್ಪ ಕಮಾನಾಗಿದೆ.

ವಿಕ್ಟೋರಿಯಾ ಕಾಲಕ್ಕಿಂತ ಇದು ಹಳೆಯದು, ನಿಜ. ಆದರೂ ಮಂಡ್ಯ ಜಿಲ್ಲೆಯವರು ಈ ಕೋಟೆಯನ್ನು ಬಿಟ್ಟು ಬಂದರೆ ಹೋದದ್ದೇ ದಂಡ. 1769ರ ಮಾರ್ಚ್‌ನಲ್ಲಿ ಹೈದರಾಲಿ ಕುದುರೆ ಸವಾರರೊಂದಿಗೆ ಇಂಗ್ಲಿಷ್ ಸೈನ್ಯದ ಕಣ್ಣು ತಪ್ಪಿಸಿ ಈ ಊರಿನ ಬಾಗಿಲಿಗೇ ಬಂದು, ಸೇಂಟ್ ಥಾಮಸ್ ಮೌಂಟ್ ಬಳಿ ಬಿಡಾರ ಹೂಡಿದ. ಕೋಟೆಯೊಳಗಿದ್ದವರು ಬೆದರಿ ಮಾತುಕತೆಗೆ ಇಳಿದರು. ಏಪ್ರಿಲ್ 4ರಂದು ಒಪ್ಪಂದವಾಯಿತು. ಮೈಸೂರಿನವನೊಬ್ಬ ಇಲ್ಲಿ ಷರತ್ತು ಹೇಳಿದ ದಿನ ಅದು.

ಇನ್ನು ಕೋಟೆಯ ಮ್ಯೂಸಿಯಂಗೆ ಹೋಗಿ. 1795ರ ಈ ಕಟ್ಟಡ ವರ್ತಕರು ಸೇರುತ್ತಿದ್ದ ವಿನಿಮಯ ಕೇಂದ್ರವಾಗಿತ್ತು. ಒಳಗೆ ಟಿಪ್ಪುವನ್ನು ಮಣಿಸಿದ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ, ಥಾಮಸ್ ಬ್ಯಾಂಕ್ಸ್ ಕೆತ್ತಿದ್ದು. ಎಲ್ಲರೂ ಪ್ರತಿಮೆಯ ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಬಗ್ಗಿ ಪೀಠವನ್ನು ನೋಡಿ. 1792ರಲ್ಲಿ ಟಿಪ್ಪು ಸುಲ್ತಾನ್ ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಒಪ್ಪಿಸಿದ ದೃಶ್ಯ ಅಲ್ಲಿದೆ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ಸಂದಾಯವಾಗುವವರೆಗೆ ಅಡವಾಗಿ ಇಬ್ಬರು ಹುಡುಗರು. ಮಕ್ಕಳು ಮದರಾಸಿನಲ್ಲಿದ್ದು 1794ರಲ್ಲಿ ಮರಳಿ ಬಂದರು. ನಾವು ಶಾಲೆಯಲ್ಲಿ ಓದುವಾಗ ಇದು ಒಂದು ಸಾಲಿನ ಪಾಠ. ಇಲ್ಲಿ ಕಲ್ಲಿನಲ್ಲಿ ಆ ಹುಡುಗರ ಎತ್ತರ ಕಾಣುತ್ತದೆ.

ಬಿಸಿಲು ಇಳಿದ ಮೇಲೆ ಮೆಟ್ರೋದಲ್ಲಿ ಗವರ್ನಮೆಂಟ್ ಎಸ್ಟೇಟ್ ನಿಲ್ದಾಣಕ್ಕೆ ಬನ್ನಿ. ಅಲ್ಲಿ ರಾಜಾಜಿ ಹಾಲ್. ಈಗಿನ ತಮಿಳರಿಗೆ ಇದು ಅಣ್ಣಾದುರೈ, ಎಂ.ಜಿ.ಆರ್., ಜಯಲಲಿತಾ, ಕರುಣಾನಿಧಿಯವರ ಪಾರ್ಥಿವ ಶರೀರಗಳನ್ನು ಅಂತಿಮ ದರ್ಶನಕ್ಕೆ ಇರಿಸಿದ ಜಾಗ. ಆದರೆ 1802ರಲ್ಲಿ ಮುಗಿದಾಗ ಇದರ ಹೆಸರು ಬ್ಯಾಂಕ್ವೆಟಿಂಗ್ ಹಾಲ್, ಔತಣದ ಮನೆ. ಪ್ಲಾಸಿಯ ಗೆಲುವಿನ ಜೊತೆಗೆ 1799ರ ಶ್ರೀರಂಗಪಟ್ಟಣದ ಗೆಲುವನ್ನು ಸ್ಮರಿಸಲೆಂದೇ ಕಟ್ಟಿದ್ದು. ವಿನ್ಯಾಸ ಮಾಡಿದ ಜಾನ್ ಗೋಲ್ಡಿಂಗ್‌ಹ್ಯಾಮ್ ಕಂಪನಿಯ ಖಗೋಳಜ್ಞ. ಅಗಲವಾದ ಮೆಟ್ಟಿಲುಗಳ ಮುಂದೆ ನಿಂತರೆ, ನಮ್ಮ ಜಲದ್ವಾರದ ಬಳಿಯ ಕಲ್ಲುಗಳು ಮುರಿದದ್ದಕ್ಕೆ ಇಲ್ಲಿ ಕಂಬಗಳು ಎದ್ದವು ಎಂದು ಗೊತ್ತಾಗುತ್ತದೆ. ಕಾವಲಿನವನೊಬ್ಬ ನನ್ನನ್ನು ಯಾವ ಊರು ಎಂದು ಕೇಳಿದ. ಮೈಸೂರು ಪಕ್ಕ ಎಂದೆ. “ಕಾವೇರಿ ಬಿಡುತ್ತೀರೋ ಇಲ್ಲವೋ?” ಎಂದು ನಕ್ಕ. ವೀರಾಣಂ ಕೆರೆಯಿಂದ ಈ ಊರಿಗೆ ಬರುವುದು ಕಾವೇರಿಯದೇ ನೀರು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. “ನಿಮ್ಮ ಬಾಟಲಿಯಿಂದ ಸ್ವಲ್ಪ ಕೊಡಿ, ರುಚಿ ನೋಡಿ ಹೇಳುತ್ತೇನೆ” ಎಂದೆ. ಕೊಟ್ಟ.

ಎರಡನೆಯ ದಿನ: ಸೂರ್ಯ ಹುಟ್ಟುವ ಕಡಲು

ಐದೂವರೆಗೆಲ್ಲ ಎದ್ದು ಮರೀನಾಕ್ಕೆ ಹೋಗಿ. ಮಂಗಳೂರು, ಉಡುಪಿಯ ಕಡಲು ನೋಡಿ ಬೆಳೆದ ನಮಗೆ ಸಮುದ್ರವೆಂದರೆ ಸೂರ್ಯ ಮುಳುಗುವ ಜಾಗ. ಇಲ್ಲಿ ಹುಟ್ಟುತ್ತಾನೆ. ಮರೀನಾ ರಸ್ತೆಯ ಕಟ್ಟಡಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಬೆಳಗಿನ ಮೊದಲ ಒಂದೂವರೆ ಗಂಟೆ ಇಟ್ಟಿಗೆಯ ಮೇಲೆ ಬೀಳುವ ಬೆಳಕು ಇಡೀ ದಿನದಲ್ಲಿ ಮತ್ತೆ ಸಿಗುವುದಿಲ್ಲ. ಸಂಜೆ ಹೋದರೆ ಅವು ಬರೀ ಕಪ್ಪು ನೆರಳು, ಜೊತೆಗೆ ಜಾತ್ರೆ.

ನೀರಿನ ಬಗ್ಗೆ ಒಂದು ಮಾತು: ಪಾದ ತೋಯಿಸಿ, ಅಷ್ಟೇ. ಇಲ್ಲಿಯ ಸೆಳೆತ ಕೆಟ್ಟದ್ದು. ಕಾವೇರಿಯಲ್ಲಿ ಈಜು ಕಲಿತವರ ಧೈರ್ಯ ಇಲ್ಲಿ ನಡೆಯುವುದಿಲ್ಲ.

ನೇಪಿಯರ್ ಸೇತುವೆಯ ಕಡೆಯಿಂದ ದಕ್ಷಿಣಕ್ಕೆ ನಡೆಯುತ್ತಾ ಬನ್ನಿ. ಮೊದಲು ಮದರಾಸು ವಿಶ್ವವಿದ್ಯಾನಿಲಯದ ಸೆನೆಟ್ ಹೌಸ್. ಚಿಸಮ್ 1874ರಿಂದ 1879ರವರೆಗೆ ಕಟ್ಟಿದ್ದು. ನಾಲ್ಕು ಮೂಲೆಯ ಗೋಪುರ, ಬಣ್ಣದ ಗಾಜು, ಬೈಜಾಂಟಿಯಂ, ಅಂದರೆ ಹಳೆಯ ಇಸ್ತಾಂಬುಲ್, ನೆನಪಿಸುವ ಗುಮ್ಮಟ. ಅದರ ಪಕ್ಕ ಚೆಪಾಕ್ ಅರಮನೆ. ಆರ್ಕಾಟಿನ ನವಾಬ ಮುಹಮ್ಮದ್ ಅಲಿ ವಾಲಾಜಾನಿಗಾಗಿ 1768ರಲ್ಲಿ ಆದದ್ದು. ಹೈದರಾಲಿಯ ಹಗೆಯಾಗಿದ್ದ ನವಾಬ ಇವನೇ. ಇಂಡೋ-ಸಾರಾಸೆನಿಕ್ ಎಂಬ ಹೆಸರು ಹುಟ್ಟುವ ಮುಂಚೆಯೇ ಆ ಶೈಲಿಯ ಮೊದಲ ಕುಡಿ ಒಡೆದದ್ದು ಇಲ್ಲಿ ಎನ್ನುತ್ತಾರೆ. ಸರ್ಕಾರಿ ಕಚೇರಿಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಕಣ್ಣಿಗೆ ಬೀಳಲು ಸ್ವಲ್ಪ ಹುಡುಕಬೇಕು. ಇದನ್ನು ನೋಡಿಕೊಂಡೇ ಚಿಸಮ್ ತನ್ನ ಸೆನೆಟ್ ಹೌಸನ್ನು ಯೋಚಿಸಿದ. ಅದರ ಮುಂದಿನ ಪ್ರೆಸಿಡೆನ್ಸಿ ಕಾಲೇಜು ಅವನ ಇನ್ನೂ ಮೊದಲಿನ ಕೆಲಸ, 1870ರದು, ಆಗ ಅವನಿಗೆ ಇಟಲಿಯ ಮೋಹ. ಹತ್ತು ವರ್ಷದಲ್ಲಿ ಒಬ್ಬ ಮನುಷ್ಯನ ಕಣ್ಣು ಹೇಗೆ ಬದಲಾಯಿತು ಎಂಬುದನ್ನು ಹತ್ತು ನಿಮಿಷ ನಡೆದರೆ ನೋಡಬಹುದು.

ಇನ್ನೂ ಮುಂದೆ ಐಸ್ ಹೌಸ್, ಈಗಿನ ವಿವೇಕಾನಂದರ್ ಇಲ್ಲಂ. 1842ರಲ್ಲಿ ಇದನ್ನು ಕಟ್ಟಿದ್ದು ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ಇಡುವುದಕ್ಕೆ! ಅರ್ಧ ಭೂಮಿ ಸುತ್ತಿ ಬಂದ ಐಸು ಈ ಸೆಕೆಯಲ್ಲಿ ಉಳಿಯುತ್ತಿತ್ತು ಎಂದರೆ ಗೋಡೆಯ ಗಾತ್ರ ಊಹಿಸಿ. 1897ರಲ್ಲಿ ಪಶ್ಚಿಮದಿಂದ ಮರಳಿದ ಸ್ವಾಮಿ ವಿವೇಕಾನಂದರು ಇಲ್ಲಿ ತಂಗಿದ್ದರು. ಐದು ವರ್ಷ ಹಿಂದೆ, 1892ರಲ್ಲಿ, ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಆಗ ಅವರು ತಂಗಿದ್ದರೆನ್ನುವ ನಿರಂಜನ ಮಠ ನಮಗೆ ಗೊತ್ತೇ ಇದೆ. ಒಳಗಿನ ಪ್ರದರ್ಶನಕ್ಕೆ ಬಾಗಿಲು ತೆರೆಯುವುದು ಆಮೇಲೆ, ಅಷ್ಟರಲ್ಲಿ ಇಡ್ಲಿ ತಿಂದು ಬನ್ನಿ. ಸಂಜೆಯಾಗಿದ್ದರೆ ಸುಂಡಲ್ ಸಿಗುತ್ತಿತ್ತು. ನಮ್ಮ ಉಸಲಿಗೆ ತೆಂಗಿನಕಾಯಿ, ಮಾವಿನಕಾಯಿ ಚೂರು ಹಾಕಿದ ಹಾಗೆ.

ಇನ್ನೂ ದಕ್ಷಿಣಕ್ಕೆ 1977ರ ದೀಪಸ್ತಂಭ ಇದೆ, ಲಿಫ್ಟ್ ಇರುವುದರಿಂದ ಮಂಡಿ ನೋವಿನವರೂ ಹತ್ತಬಹುದು. ಸೋಮವಾರ ರಜೆ.

ಸಾಂತೋಮ್, ಮೈಲಾಪುರ, ಎಗ್ಮೋರ್

ದೀಪಸ್ತಂಭದಿಂದ ಆಟೋದಲ್ಲಿ ಐದು ನಿಮಿಷ ಸಾಂತೋಮ್ ಬೆಸಿಲಿಕಾಗೆ. ಸಂತ ಥಾಮಸರ ಸಮಾಧಿಯ ಮೇಲೆ ಪೋರ್ಚುಗೀಸರು ಕಟ್ಟಿದ್ದ ಚರ್ಚನ್ನು ತೆಗೆದು, ಈಗಿನ ಗೋಥಿಕ್ ಕಟ್ಟಡವನ್ನು 1896ರಲ್ಲಿ ಮುಗಿಸಿದರು. ಸುಮಾರು 155 ಅಡಿಯ ಒಂದೇ ಶಿಖರ, ಮೈಯೆಲ್ಲ ಬಿಳುಪು. ಹೊರಡುವ ಮೊದಲು ಫಿಲೋಮಿನಾ ಚರ್ಚ್ ಮುಂದೆ ನಿಂತದ್ದು ಈಗ ಫಲ ಕೊಡುತ್ತದೆ. 1933ರಲ್ಲಿ ಶಂಕುಸ್ಥಾಪನೆಯಾದ ನಮ್ಮದಕ್ಕೆ ಜೋಡಿ ಶಿಖರ, 175 ಅಡಿ, ಬಣ್ಣವೂ ಗಂಭೀರ. ಎರಡೂ ಗೋಥಿಕ್ ಶೈಲಿಯವೇ. ನಮ್ಮದು ಜರ್ಮನಿಯ ಕಲೋನ್ ನಗರದ ದೊಡ್ಡ ಚರ್ಚನ್ನು ನೆನೆದು ಮೈಸೂರಿನಲ್ಲಿ ಎದ್ದದ್ದು, ಇದು ಕಡಲಿನ ಉಪ್ಪುಗಾಳಿಗೆ ಎದೆಯೊಡ್ಡಿ ಮತ್ತೆ ಮತ್ತೆ ಸುಣ್ಣ ಬಳಿಸಿಕೊಳ್ಳುವುದು. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ.

ಮೈಲಾಪುರ ಅಲ್ಲಿಂದ ಹತ್ತಿರ. ಕಪಾಲೀಶ್ವರ ದೇವಸ್ಥಾನ ಮಧ್ಯಾಹ್ನ ಮುಚ್ಚುವ ಮೊದಲು ಹೋಗಿ, ಕೊಳದ ಸುತ್ತಿನ ಬೀದಿಯಲ್ಲಿ ಊಟ ಮಾಡಿ, ಕಾಫಿ ಕುಡಿಯಿರಿ. ಕಾಫಿಯ ವಿಷಯದಲ್ಲಿ ಅವರಿಗೂ ನಮಗೂ ಹಳೆಯ ಪೈಪೋಟಿ. ಬೀಜ ನಮ್ಮ ಬೆಟ್ಟಗಳದ್ದು ಎಂದು ಹೇಳಿ ಗೆಲ್ಲಬಹುದು, ಹಾಲಿನ ಹದ ಅವರದ್ದು ಎಂದು ಒಪ್ಪಿಕೊಂಡು ಇನ್ನೊಂದು ಲೋಟ ತರಿಸಬಹುದು.

ಮಧ್ಯಾಹ್ನದ ಸೆಕೆಗೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂ. 1851ರಲ್ಲಿ ಶುರುವಾದದ್ದು. ಆವರಣದಲ್ಲಿ ಇರ್ವಿನ್‌ನ ಕೆಲಸ ಒಂದಕ್ಕೊಂದು ತಾಗಿ ನಿಂತಿದೆ: 1896ರ ಕನ್ನೆಮರಾ ಗ್ರಂಥಾಲಯ, ವೃತ್ತಾಕಾರದ ಮ್ಯೂಸಿಯಂ ಥಿಯೇಟರ್, ಗುಲಾಬಿ ಮರಳುಗಲ್ಲಿನಲ್ಲಿ ಫತೇಪುರ್ ಸಿಕ್ರಿಯ ಹೆಬ್ಬಾಗಿಲನ್ನು ನೆನಪಿಸುವ, 1909ರ ವಿಕ್ಟೋರಿಯಾ ಸ್ಮಾರಕ ಭವನ. ಗ್ರಂಥಾಲಯದ ಹಳೆಯ ಹಜಾರದ ಬಾಗಿಲು ತೆರೆದಿದ್ದರೆ ಅದೃಷ್ಟ. ತೇಗದ ಕೆಲಸವನ್ನೂ ಬಣ್ಣದ ಗಾಜನ್ನೂ ನೋಡಿದ ಮೇಲೆ ಕಲ್ಯಾಣ ಮಂಟಪ ನೆನಪಾಗದಿದ್ದರೆ ಮೊದಲ ಹೆಜ್ಜೆ ತಪ್ಪಿಸಿದ್ದೀರಿ ಎಂದರ್ಥ. ಅಮರಾವತಿಯ ಶಿಲ್ಪಗಳಿಗೂ ಚೋಳರ ಕಂಚಿನ ವಿಗ್ರಹಗಳಿಗೂ ತಲಾ ಒಂದು ಗಂಟೆ ಇಟ್ಟುಕೊಳ್ಳಿ. ಅವು ಈ ಬರಹದ ವ್ಯಾಪ್ತಿಯಲ್ಲ, ಆದರೆ ನಟರಾಜನಿಗೆ ಬೆನ್ನು ತೋರಿಸಿ ಬರಲು ಯಾರಿಂದಲೂ ಆಗುವುದಿಲ್ಲ.

ಕೊನೆಗೆ ಎಗ್ಮೋರ್ ರೈಲು ನಿಲ್ದಾಣ, 1908. ಇದರಲ್ಲೂ ಇರ್ವಿನ್‌ನ ಕೈ ಇದೆ. ಅರಮನೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ಇದೂ ಎದ್ದದ್ದು. ಅಲ್ಲೇ ನಿಂತು ಮೈಸೂರು ರೈಲಿಗೆ ಕಾಯಬೇಡಿ. ಕಾವೇರಿ ಎಕ್ಸ್‌ಪ್ರೆಸ್ ಹೊರಡುವುದು ಸೆಂಟ್ರಲ್‌ನಿಂದ. ನಮ್ಮ ಬೀದಿಯ ಒಬ್ಬರು ಹಾಗೆ ನಿಂತು, ಬಸ್ಸಿನಲ್ಲಿ ಊರಿಗೆ ಬಂದರು.

ಊರಿಗೆ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆಯ ಚಿತ್ರದ ಮುಂದೆ ನಿಂತುಕೊಳ್ಳಿ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ಮುರಿದ ಯುದ್ಧ ಅದು. ಮದ್ದಿನ ಗಾಡಿ ಸಿಡಿಯುತ್ತಿದೆ, ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಅವನು 1782ರಲ್ಲಿ ನಮ್ಮ ಸೆರೆಯಲ್ಲೇ ಸತ್ತ. ಕಾರ್ನ್‌ವಾಲಿಸ್ ಪೀಠದ ಫೋಟೋ ಮೊಬೈಲಿನಲ್ಲಿ ಇದ್ದರೆ ತೆಗೆದು ಪಕ್ಕದಲ್ಲಿ ಹಿಡಿದು ನೋಡಿ.